ಕೈ ಕಲಿತ ದಾರಿಗೆ ಒಡೆಯರು ಯಾರು? ಸಕಲೇಶಪುರ–ಆಲೂರು ಸೀಮೆಯ ಟಿಪ್ಪಣಿಗಳು

ಬಿ.ಎಂ. ರಸ್ತೆ, ಸಕಲೇಶಪುರ

ಪಹಣಿ, ಜಾತಿ–ಆದಾಯ ಪತ್ರದ ಅರ್ಜಿ, ಲಗ್ನಪತ್ರಿಕೆ ಎಲ್ಲವೂ ಒಂದೇ ಸೂರಿನಡಿ ಆಗುವ ಜೆರಾಕ್ಸ್ ಅಂಗಡಿ. ಅಲ್ಲಿನ ಹಳೆಯ ಕಂಪ್ಯೂಟರುಗಳಿಗೆ ಮಾಲೀಕರು ಈಚೆಗೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿಸಿದ್ದಾರೆ. ಕಾಫಿ ತೋಟದ ರೈಟರ್ ಒಬ್ಬರು ಪೆನ್‌ಡ್ರೈವ್ ಹಿಡಿದು ಬಂದು ಕೂತರು. ಆಳುಗಳ ಹಾಜರಿಯ ಚೆಕ್‌ರೋಲ್ ತೆರೆದರು, ವಾರದ ಬಟವಾಡೆ ಕೂಡಿಸಿದರು, ಪ್ರಿಂಟ್ ಕೊಟ್ಟರು, ಎದ್ದರು. ಎಲ್ಲೂ ತಡವರಿಸಲಿಲ್ಲ.

"ಏನಾದ್ರೂ ವ್ಯತ್ಯಾಸ ಗೊತ್ತಾಯ್ತಾ ರೈಟರ್ರೇ?" ಎಂದು ಕೇಳಿದೆ.

"ಯಾಕೆ ಸಾರ್? ಬಣ್ಣ ಬದಲಾಯಿಸಿದಾರೆ, ಅಷ್ಟೇ ಅಲ್ವಾ?" ಎಂದರು.

ಬದಲಾಗಿದ್ದದ್ದು ಬರೀ ಬಣ್ಣವಲ್ಲ, ಕಂಪ್ಯೂಟರನ್ನು ನಡೆಸುವ ಇಡೀ ತಂತ್ರಾಂಶ. ಆದರೂ ಎಡಗಡೆ ಕೆಳಮೂಲೆಯ ಗುಂಡಿ ಇದ್ದಲ್ಲೇ ಇತ್ತು, ಗಡಿಯಾರ ಬಲಗಡೆ ಇತ್ತು, ಕಡತ ಉಳಿಸುವ ಕೀಲಿ ಅದೇ ಇತ್ತು. ಇಷ್ಟು ವರ್ಷ ಕೈಗೆ ಬಂದ ಅಭ್ಯಾಸ ಹೊಸ ಜಾಗದಲ್ಲೂ ಅವರನ್ನು ಕೈಬಿಡಲಿಲ್ಲ.

ಅವರು ಹೋದ ಮೇಲೆ ಬರೆದುಕೊಂಡ ಪ್ರಶ್ನೆ: ಒಂದು ತಂತ್ರಾಂಶ ಇನ್ನೊಂದರಂತೆ ಕಾಣುವುದು ಬಳಸುವವನಿಗೆ ಮಾಡಿದ ಮೋಸವೋ, ಉಪಕಾರವೋ? ಮೊದಲು ಮಾಡಿದವನಿಗೆ ಅದರಿಂದ ಅನ್ಯಾಯವಾಗುತ್ತದೆಯೋ? ಮುಂದಿನ ಟಿಪ್ಪಣಿಗಳೆಲ್ಲ ಈ ಪ್ರಶ್ನೆಯ ಬೆನ್ನುಹತ್ತಿ ಬರೆದವು.

ಯಾಕೆ ಈಗ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಅಂದರೆ 2017ಕ್ಕಿಂತ ಮೊದಲಿನ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಲೆಕ್ಕಕ್ಕಿಲ್ಲ.

ಮಲೆನಾಡಿನ ಸಣ್ಣ ಊರುಗಳಲ್ಲಿ ಇರುವುದು ಬಹುಪಾಲು ಅಂಥವೇ. ಬೆಂಗಳೂರಿನ ಕಚೇರಿಗಳು ಮಾರಿದ ಸೆಕೆಂಡ್‌ಹ್ಯಾಂಡ್ ಯಂತ್ರಗಳು ಇಲ್ಲಿ ಇನ್ನೂ ಹತ್ತು ವರ್ಷ ದುಡಿಯುತ್ತವೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡಿದರೂ ಯುಪಿಎಸ್ ಆಸರೆಯಲ್ಲಿ ಬದುಕಿಕೊಳ್ಳುತ್ತವೆ. ಅವುಗಳಿಗೆ ಲಿನಕ್ಸ್ ಎರಡನೇ ಆಯುಷ್ಯ.

ವಿಂಡೋಸ್ 10ರ ಅವಧಿ ಮುಗಿದ ದಿನವೇ ಜೋರಿನ್ ಓಎಸ್‌ನ 18ನೇ ಆವೃತ್ತಿ ಹೊರಬಂತು. ಐರ್ಲೆಂಡಿನ ಡಬ್ಲಿನ್‌ನಲ್ಲಿ ಇಬ್ಬರು ಅಣ್ಣತಮ್ಮಂದಿರು ಶುರುಮಾಡಿದ ಈ ಲಿನಕ್ಸ್ 2009ರಿಂದ ಜನರ ಕೈಯಲ್ಲಿದೆ. ಅದರಲ್ಲಿ ತೆರೆಯ ವಿನ್ಯಾಸ ಆರಿಸಿಕೊಳ್ಳುವ ಕಿಟಕಿಯೊಂದುಂಟು. ವಿಂಡೋಸ್ ಬಳಸಿದವರಿಗೆ ಪರಿಚಿತವಾದ ಜೋಡಣೆ ಬೇಕೆಂದರೆ ಒಂದು ಚಿತ್ರದ ಮೇಲೆ ಒತ್ತಿದರಾಯಿತು. 2006ರಲ್ಲಿ ಹುಟ್ಟಿದ ಲಿನಕ್ಸ್ ಮಿಂಟ್ ಹೇಳದೆಯೇ ಅದೇ ಹಾದಿಯಲ್ಲಿದೆ. ಹೋಲಿಕೆ ಇಲ್ಲಿ ಆಕಸ್ಮಿಕವಲ್ಲ. ಹೊಸಬರನ್ನು ಬರಮಾಡಿಕೊಳ್ಳಲೆಂದೇ ಯೋಚಿಸಿ ಇಟ್ಟದ್ದು.

ತೆರೆಯನ್ನು ಹತ್ತಿರದಿಂದ ನೋಡಿದಾಗ

ಮಿಂಟ್ ಯಂತ್ರದ ಮುಂದೆ ಕೂತು ಯಾವುದು ಹೋಲುತ್ತದೆ, ಯಾವುದು ಹೋಲುವುದಿಲ್ಲ ಎಂದು ಪಟ್ಟಿ ಮಾಡಿದೆ.

ಹೋಲುವುದು: ಕೆಳಗಿನ ಪಟ್ಟಿ. ಅದರ ಎಡತುದಿಯ ಮೆನು. ತೆರೆದ ಕಿಟಕಿಗಳ ಸಾಲು. ಬಲತುದಿಯ ಗಡಿಯಾರ. ಕಿಟಕಿಯ ಬಲ ಮೇಲ್ಮೂಲೆಯಲ್ಲಿ ಇಳಿಸುವ, ಹಿಗ್ಗಿಸುವ, ಮುಚ್ಚುವ ಮೂರು ಗುಂಡಿ. ಕಂಟ್ರೋಲ್ ಸಿ, ಕಂಟ್ರೋಲ್ ವಿ.

ಹೋಲದಿರುವುದು: ಸಿ ಡ್ರೈವ್, ಡಿ ಡ್ರೈವ್ ಎಂಬುದೇ ಇಲ್ಲ. ಹೊಸ ತಂತ್ರಾಂಶವನ್ನು ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವ ಬದಲು ಒಂದೇ ಉಗ್ರಾಣದಿಂದ ತರಿಸಿಕೊಳ್ಳಬೇಕು. ವ್ಯವಸ್ಥೆಯನ್ನು ಬದಲಿಸುವ ಯಾವ ಕೆಲಸಕ್ಕೂ ಗುಪ್ತಪದ ಕೇಳುತ್ತದೆ. ಹೆಸರು, ಲಾಂಛನ, ಚಿತ್ರಗಳು ಎಲ್ಲ ಬೇರೆ. ಒಳಗಿನ ಒಂದು ಸಾಲು ಕೋಡ್ ಕೂಡ ವಿಂಡೋಸ್‌ನದಲ್ಲ.

ಮೊದಲ ಪಟ್ಟಿಯಲ್ಲಿರುವುದೆಲ್ಲ ಕೈಯ ಅಭ್ಯಾಸಕ್ಕೆ ಸೇರಿದ್ದು. ಎರಡನೆಯದರಲ್ಲಿರುವುದು ಹೆಚ್ಚಾಗಿ ಯಂತ್ರದ ಒಳಗಿನ ಬಾಳಿಗೆ ಸೇರಿದ್ದು.

ಹಾಗಾದರೆ ಮೊದಲ ಪಟ್ಟಿ ಮೈಕ್ರೋಸಾಫ್ಟಿನ ಸ್ವಂತದ್ದೇ? ಕೆಳಪಟ್ಟಿ ಮತ್ತು ಸ್ಟಾರ್ಟ್ ಗುಂಡಿಯ ಈ ಜೋಡಣೆಯನ್ನು ಜಗತ್ತಿನ ರೂಢಿಯಾಗಿಸಿದ್ದು 1995ರ ವಿಂಡೋಸ್ 95. ಆದರೆ ಕಿಟಕಿ, ಮೌಸ್, ಚಿತ್ರದ ಗುರುತುಗಳು 1970ರ ದಶಕದಲ್ಲೇ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಪ್ರಯೋಗಾಲಯದಲ್ಲಿ ಇದ್ದವು. ಕತ್ತರಿಸು–ಅಂಟಿಸು ಎಂಬ ಕ್ರಮಕ್ಕೆ ರೂಪ ಕೊಟ್ಟ ಲ್ಯಾರಿ ಟೆಸ್ಲರ್ ಅಲ್ಲಿಂದ ಆಪಲ್‌ಗೆ ಹೋದರು. 1984ರ ಮ್ಯಾಕಿಂಟಾಷ್ ಅದನ್ನೆಲ್ಲ ಜನಸಾಮಾನ್ಯರ ಮೇಜಿಗೆ ತಂದಿತು. ವಿಂಡೋಸ್‌ನ ಮೊದಲ ಆವೃತ್ತಿ ಬಂದದ್ದು 1985ರ ನವೆಂಬರಿನಲ್ಲಿ. ಸಾಲು ಹಿಡಿದು ಹಿಂದಕ್ಕೆ ಹೋದರೆ ಪ್ರತಿಯೊಬ್ಬರೂ ತಮಗಿಂತ ಮುಂಚಿನವರಿಂದ ಪಡೆದವರೇ.

ಆಪಲ್ ಹೂಡಿದ ದಾವೆ

1988ರ ಮಾರ್ಚ್‌ನಲ್ಲಿ ಆಪಲ್ ಮೈಕ್ರೋಸಾಫ್ಟ್ ಮೇಲೂ ಹ್ಯೂಲೆಟ್–ಪ್ಯಾಕರ್ಡ್ ಮೇಲೂ ದಾವೆ ಹೂಡಿತು. ವಿಂಡೋಸ್ ನಮ್ಮ ಮ್ಯಾಕಿಂಟಾಷ್‌ನ ನೋಟವನ್ನೂ ನಡೆಯನ್ನೂ ಕದ್ದಿದೆ ಎಂಬುದು ದೂರು. ಒಟ್ಟು ನೋಟವನ್ನೇ ಒಂದಾಗಿ ನೋಡಿ ತೀರ್ಪು ಕೊಡಿ ಎಂದು ಆಪಲ್ ಕೇಳಿತು. ನ್ಯಾಯಾಲಯ ಒಪ್ಪಲಿಲ್ಲ. ಬಿಡಿಬಿಡಿಯಾಗಿ ಹೆಸರಿಸಿ ಎಂದಿತು. 189 ಅಂಶಗಳ ಪಟ್ಟಿ ಬಂತು. ಅವುಗಳಲ್ಲಿ 179 ಅಂಶಗಳಿಗೆ 1985ರಲ್ಲಿ ಆಪಲ್ ತಾನೇ ಮೈಕ್ರೋಸಾಫ್ಟ್‌ಗೆ ಪರವಾನಗಿ ಕೊಟ್ಟಿತ್ತು. ಉಳಿದ ಹತ್ತರಲ್ಲಿ ಹೆಚ್ಚಿನವು ಕೃತಿಸ್ವಾಮ್ಯದ ರಕ್ಷಣೆಗೆ ಬರುವಂಥವೇ ಅಲ್ಲ ಎಂದಾಯಿತು. 1994ರಲ್ಲಿ ಮೇಲ್ಮನವಿಯಲ್ಲೂ ಆಪಲ್ ಸೋತಿತು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಈ ನಡುವೆ, 1989ರ ಕೊನೆಗೆ, ಜೆರಾಕ್ಸ್ ಎದ್ದು ನಿಂತು ಆಪಲ್ ಮೇಲೆಯೇ ದಾವೆ ಹಾಕಿತು. ಅದರ ಬಹುಭಾಗ ಕೆಲವೇ ತಿಂಗಳಲ್ಲಿ ವಜಾ ಆಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪಟ್ಟಿ. ಒಟ್ಟಾಗಿ ನೋಡಿದಾಗ ಹಗಲುಗಳ್ಳತನದಂತೆ ಕಂಡದ್ದು ಬಿಡಿಸಿ ನೋಡಿದಾಗ ಹಾಗೆ ಉಳಿಯಲಿಲ್ಲ. ಕಿಟಕಿಗಳು ಒಂದರ ಮೇಲೊಂದು ಬೀಳುವುದು ಒಂದು ಕಲ್ಪನೆ. ಚಿತ್ರದಿಂದ ಕಡತವನ್ನು ಸೂಚಿಸುವುದು ಒಂದು ಕಲ್ಪನೆ. ಕಲ್ಪನೆಗೆ ಬೇಲಿ ಹಾಕಲು ಕೃತಿಸ್ವಾಮ್ಯದ ಕಾನೂನಿನಲ್ಲಿ ಅವಕಾಶವಿಲ್ಲ.

ಮೆನುವಿನ ಮೊಕದ್ದಮೆ

ಲೆಕ್ಕಪತ್ರದವರಿಗೆ ಇದಕ್ಕಿಂತ ಹತ್ತಿರದ ಪ್ರಕರಣ ಇನ್ನೊಂದಿದೆ. 1983ರಲ್ಲಿ ಬಂದ ಲೋಟಸ್ 1–2–3 ಸ್ಪ್ರೆಡ್‌ಶೀಟ್ ಒಂದು ಕಾಲಕ್ಕೆ ಕಚೇರಿಗಳ ರಾಜ. ಬೋರ್ಲ್ಯಾಂಡ್ ಕಂಪನಿ ಕ್ವಾಟ್ರೊ ಎಂಬ ತನ್ನ ಸ್ಪ್ರೆಡ್‌ಶೀಟ್‌ನಲ್ಲಿ ಲೋಟಸ್‌ನ ಮೆನು ಕ್ರಮವನ್ನೇ ಹಾಗೆಯೇ ಇಟ್ಟಿತು. 469 ಆಜ್ಞೆಗಳು, ಐವತ್ತಕ್ಕೂ ಹೆಚ್ಚು ಮೆನು. ಕೋಡ್ ಪೂರ್ತಿ ತನ್ನದು, ಮೆನುವಿನ ಸಾಲು ಮಾತ್ರ ಲೋಟಸ್‌ನದು. ಲೋಟಸ್ ಬಳಸಿ ಪಳಗಿದವರು ಕಲಿತದ್ದನ್ನು ಬಿಡದೆ ಬರಲಿ ಎಂಬುದು ಉದ್ದೇಶ.

ಲೋಟಸ್ ದಾವೆ ಹೂಡಿತು. ಕೆಳಗಿನ ನ್ಯಾಯಾಲಯದಲ್ಲಿ ಬೋರ್ಲ್ಯಾಂಡ್ ಸೋತಿತು. 1995ರ ಮಾರ್ಚ್‌ನಲ್ಲಿ ಬಾಸ್ಟನ್‌ನ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ತಿರುಗಿಸಿತು. ಮೆನು ಕ್ರಮವೆಂದರೆ ಯಂತ್ರವನ್ನು ನಡೆಸುವ ವಿಧಾನ, ವಿಧಾನಕ್ಕೆ ಕೃತಿಸ್ವಾಮ್ಯವಿಲ್ಲ ಎಂದಿತು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಾಲ್ಕು–ನಾಲ್ಕು ಸಮವಾಗಿ ಒಡೆದದ್ದರಿಂದ ಆ ತೀರ್ಪೇ ಉಳಿಯಿತು. ಅಷ್ಟು ಹೊತ್ತಿಗೆ ಬೋರ್ಲ್ಯಾಂಡ್ ಕ್ವಾಟ್ರೊವನ್ನು ಬೇರೆಯವರಿಗೆ ಮಾರಿಯಾಗಿತ್ತು. ಗೆಲುವು ಬಂದಾಗ ಗೆದ್ದ ಮಾಲು ಕೈಯಲ್ಲಿರಲಿಲ್ಲ.

ಆ ಪೀಠದ ನ್ಯಾಯಾಧೀಶ ಮೈಕಲ್ ಬೌಡಿನ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಹೇಳಿದ ಮಾತಿನ ಸಾರ ಇದು: ಮೆನುವನ್ನು ಕಲಿಯಲು ಶ್ರಮ ಹಾಕಿದವರು ಬಳಕೆದಾರರು. ಆ ಕ್ರಮದ ಮೇಲೆ ಒಂದೇ ಕಂಪನಿಗೆ ಹಕ್ಕು ಕೊಟ್ಟರೆ ಕಲಿತವರೆಲ್ಲ ಅದರ ಸೆರೆಯಾಳುಗಳಾಗುತ್ತಾರೆ. ಟೈಪ್‌ರೈಟರಿನ ಕೀಲಿ ಜೋಡಣೆ ಒಬ್ಬನ ಸ್ವತ್ತಾಗಿದ್ದರೆ ಟೈಪಿಸ್ಟರ ಗತಿ ಏನಾಗುತ್ತಿತ್ತೋ ಹಾಗೆ.

ಈ ಇಡೀ ವಿವಾದದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡ ಮಾತು ಇದು. ಎರಡು ಕಂಪನಿಗಳ ಜಗಳದಲ್ಲಿ ಮೂರನೆಯವನೊಬ್ಬನಿದ್ದಾನೆ, ಅವನೂ ಹೂಡಿಕೆ ಮಾಡಿದ್ದಾನೆ ಎಂದು ನ್ಯಾಯಪೀಠದಿಂದ ಒಬ್ಬರು ಗುರುತಿಸಿದರು.

ಹೆಸರಿನ ವಿಷಯ ಬೇರೆ

ಮೈಕಲ್ ರಾಬರ್ಟ್‌ಸನ್ ಎಂಬ ಉದ್ಯಮಿ 2001ರಲ್ಲಿ ಅಮೆರಿಕದ ಸ್ಯಾನ್ ಡಿಯೆಗೊದಲ್ಲಿ ಒಂದು ಕಂಪನಿ ಕಟ್ಟಿದರು. ಯಾರು ಬೇಕಾದರೂ ಬಳಸಬಹುದಾದ ಸುಲಭ ಲಿನಕ್ಸ್ ಅವರ ಗುರಿ. ವಿಂಡೋಸ್ ತಂತ್ರಾಂಶಗಳನ್ನೂ ಅದರಲ್ಲೇ ನಡೆಸುವ ಆಸೆ ಮೊದಲಿಗಿತ್ತು. ಕ್ರಮೇಣ ಅದನ್ನು ಬದಿಗಿಟ್ಟು, ಒಂದು ಗುಂಡಿ ಒತ್ತಿದರೆ ತಂತ್ರಾಂಶ ತಾನೇ ಬಂದು ಕೂರುವ ವ್ಯವಸ್ಥೆಗೆ ಒತ್ತು ಕೊಟ್ಟರು. 2002ರಲ್ಲಿ ವಾಲ್‌ಮಾರ್ಟ್ ತನ್ನ ಜಾಲತಾಣದಲ್ಲಿ ಈ ಲಿನಕ್ಸ್ ಹಾಕಿದ 199 ಡಾಲರಿನ ಕಂಪ್ಯೂಟರನ್ನೂ ಮಾರಿತು. ಅವರು ಇಟ್ಟ ಹೆಸರು ಲಿಂಡೋಸ್.

2001ರ ಡಿಸೆಂಬರಿನಲ್ಲೇ ಮೈಕ್ರೋಸಾಫ್ಟ್ ನ್ಯಾಯಾಲಯಕ್ಕೆ ಹೋಯಿತು. ಬೆಳೆದ ಕತೆ ವಿಚಿತ್ರ. ಕಿಟಕಿ ಎಂಬ ಮಾತು ಕಂಪ್ಯೂಟರ್ ಲೋಕದಲ್ಲಿ 1985ಕ್ಕೆ ಮುಂಚೆಯೇ ಎಲ್ಲರ ಬಾಯಲ್ಲಿತ್ತು, ಅದು ಒಬ್ಬರ ವ್ಯಾಪಾರ ಮುದ್ರೆ (ಟ್ರೇಡ್‌ಮಾರ್ಕ್) ಹೇಗಾದೀತು ಎಂದು ಲಿಂಡೋಸ್ ವಾದಿಸಿತು. ಸಿಯಾಟಲ್‌ನ ನ್ಯಾಯಾಧೀಶರು ತಾತ್ಕಾಲಿಕ ತಡೆ ಕೊಡಲು 2002ರಲ್ಲಿ ಒಪ್ಪಲಿಲ್ಲ. ಆಗ ಮೈಕ್ರೋಸಾಫ್ಟ್ ಯೂರೋಪಿನಲ್ಲಿ ಒಂದೊಂದೇ ದೇಶದ ಕಟಕಟೆ ಹತ್ತಿತು. ನೆದರ್ಲೆಂಡ್ಸ್‌ನಂಥ ಕಡೆ ತಡೆಯಾಜ್ಞೆಯೂ ಸಿಕ್ಕಿತು. 2004ರ ಏಪ್ರಿಲ್‌ನಲ್ಲಿ ಹೆಸರು ಲಿನ್‌ಸ್ಪೈರ್ ಎಂದು ಬದಲಾಯಿತು. ಅದೇ ವರ್ಷದ ಜುಲೈನಲ್ಲಿ ರಾಜಿ. ದಾವೆ ಹೂಡಿದ ಮೈಕ್ರೋಸಾಫ್ಟೇ 2 ಕೋಟಿ ಡಾಲರ್ ಕೊಟ್ಟು ಲಿಂಡೋಸ್ ಎಂಬ ಹೆಸರನ್ನು ಬಿಡಿಸಿಕೊಂಡಿತು. 2008ರಲ್ಲಿ ಲಿನ್‌ಸ್ಪೈರ್ ಇನ್ನೊಂದು ಕಂಪನಿಯ ಪಾಲಾಯಿತು.

ಇಲ್ಲಿ ಗಮನಿಸಬೇಕಾದದ್ದು, ಹೊಡೆದಾಟ ನಡೆದದ್ದು ಹೆಸರಿನ ಮೇಲೆ. ತೆರೆಯ ಕೆಳಪಟ್ಟಿ, ಮೆನು, ಗಡಿಯಾರದ ಮೇಲಲ್ಲ. ಅವತ್ತಿನಿಂದ ಇವತ್ತಿನವರೆಗೆ ಬಂದ ಸುಲಭ ಲಿನಕ್ಸ್‌ಗಳು ನೋಟವನ್ನು ಉಳಿಸಿಕೊಂಡವು, ಹೆಸರನ್ನು ದೂರ ಇಟ್ಟವು. ಮಿಂಟ್, ಜೋರಿನ್, ಉಬುಂಟು ಯಾವುದರ ಹೆಸರೂ ಇನ್ನೊಬ್ಬರ ಹೆಸರಿನ ನೆರಳಲ್ಲಿ ನಿಂತಿಲ್ಲ.

ಹಾಲು ಮತ್ತು ಹೋಟೆಲು

ಕರ್ನಾಟಕದವರಿಗೆ ಹೆಸರಿನ ಜಗಳ ಅರ್ಥವಾಗಲು ಸಿಯಾಟಲ್‌ಗೆ ಹೋಗಬೇಕಾಗಿಲ್ಲ. ಹಾಸನದ ಹಾಲು ಒಕ್ಕೂಟದ ಪ್ಯಾಕೆಟ್ ಮೇಲೂ ಇರುವ ನಂದಿನಿ ಹೆಸರನ್ನು ಕರ್ನಾಟಕ ಹಾಲು ಮಹಾಮಂಡಳ 1985ರಿಂದ ಬಳಸುತ್ತಿದೆ. ಬೆಂಗಳೂರಿನ ನಂಧಿನಿ ಡಿಲಕ್ಸ್ ಹೋಟೆಲ್ 1989ರಿಂದ ಆ ಹೆಸರಿನಲ್ಲಿದೆ. ಹೋಟೆಲಿನವರು ತಮ್ಮ ಮುದ್ರೆಯನ್ನು ನೋಂದಾಯಿಸಲು ಹೋದಾಗ ಮಹಾಮಂಡಳ ಅಡ್ಡಬಂತು. ಕರ್ನಾಟಕ ಹೈಕೋರ್ಟಿನಲ್ಲಿ ಹೋಟೆಲ್ ಸೋತಿತು. 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪಿತ್ತಿತು. ಒಬ್ಬರದು ಹಾಲು, ಇನ್ನೊಬ್ಬರದು ಊಟ. ಒಂದರ ಲಾಂಛನದಲ್ಲಿ ಹಸು, ಇನ್ನೊಂದರಲ್ಲಿ ದೀಪ. ಸಾಮಾನ್ಯ ಬುದ್ಧಿಯ ಗಿರಾಕಿ ಒಂದನ್ನು ಇನ್ನೊಂದೆಂದು ತಿಳಿಯುವುದಿಲ್ಲ ಎಂಬುದು ಅದರ ತಿರುಳು. ಹಾಲು, ಹಾಲಿನ ಪದಾರ್ಥಗಳಿಗೆ ಮಾತ್ರ ಆ ಮುದ್ರೆ ಹೋಟೆಲಿಗೆ ದಕ್ಕಲಿಲ್ಲ.

ಮುದ್ರೆಯ ಕಾನೂನು ಕೇಳುವ ಪ್ರಶ್ನೆ ಒಂದೇ: ಕೊಳ್ಳುವವನಿಗೆ ಯಾರ ಮಾಲು ಎಂಬ ಗೊಂದಲವಾಗುತ್ತದೆಯೇ? ಜೆರಾಕ್ಸ್ ಅಂಗಡಿಯ ಯಂತ್ರ ಶುರುವಾಗುವಾಗಲೇ ತೆರೆಯ ಮೇಲೆ ಮಿಂಟ್‌ನ ಗುರುತು ಮೂಡುತ್ತದೆ. ಯಾರ ಸರಕು ಎಂದು ಅದು ಮುಚ್ಚಿಡುವುದಿಲ್ಲ. ನನ್ನ ಮೊದಲ ಪ್ರಶ್ನೆಯ ಅರ್ಧಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಇದು ಮೋಸವಲ್ಲ.

ನಮ್ಮ ಕಾನೂನು ಪುಸ್ತಕದಲ್ಲಿ

ಇನ್ನರ್ಧಕ್ಕೆ ನಮ್ಮ ದೇಶದ ಕಾನೂನನ್ನೂ ನೋಡಿದೆ. ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ ನಾಟಕವನ್ನೇ ಕದ್ದು 1956ರ 'ನ್ಯೂ ದೆಹಲಿ' ಸಿನಿಮಾ ಮಾಡಿದ್ದಾರೆಂದು ದಾವೆ ಹೂಡಿದ್ದರು. 1978ರಲ್ಲಿ ಸುಪ್ರೀಂ ಕೋರ್ಟ್ ಅವರ ವಾದವನ್ನು ಒಪ್ಪಲಿಲ್ಲ. ವಿಷಯಕ್ಕೆ, ಕಲ್ಪನೆಗೆ, ಕಥಾವಸ್ತುವಿಗೆ ಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಸ್ವಾಮ್ಯ ಎಂಬ ತತ್ವ ಆ ತೀರ್ಪಿನಿಂದ ನಮ್ಮಲ್ಲಿ ಗಟ್ಟಿಯಾಯಿತು.

1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿ ಎಂದೇ ಎಣಿಸುತ್ತದೆ. 1999ರ ತಿದ್ದುಪಡಿ ಅದರ 52ನೇ ಕಲಮಿಗೆ ಕೆಲವು ವಿನಾಯಿತಿ ಸೇರಿಸಿತು. ಕಾನೂನುಬದ್ಧವಾಗಿ ಪಡೆದ ಪ್ರೋಗ್ರಾಮಿನ ಜೊತೆ ಇನ್ನೊಂದು ಪ್ರೋಗ್ರಾಂ ಹೊಂದಿಕೊಂಡು ಕೆಲಸ ಮಾಡಲು ಬೇಕಾದ, ಬೇರೆಡೆ ಸುಲಭವಾಗಿ ಸಿಗದ ಮಾಹಿತಿಯನ್ನು ಹೊರತೆಗೆಯುವುದು ತಪ್ಪಲ್ಲ. ಪ್ರೋಗ್ರಾಂ ಹೇಗೆ ನಡೆಯುತ್ತದೆ ಎಂದು ಗಮನಿಸಿ, ಅಭ್ಯಾಸ ಮಾಡಿ, ಪರೀಕ್ಷಿಸಿ ಅದರ ಹಿಂದಿನ ತತ್ವ ತಿಳಿದುಕೊಳ್ಳುವುದೂ ತಪ್ಪಲ್ಲ. ನೋಡಿ ಕಲಿಯುವುದಕ್ಕೆ ನಮ್ಮ ಕಾಯ್ದೆಯೇ ಜಾಗ ಬಿಟ್ಟಿದೆ.

ಹಾಗೆಂದು ಎಲ್ಲ ನಕಲೂ ಸರಿ ಎಂದಲ್ಲ. ಕೋರೆಲ್ ಕಂಪನಿ ತನ್ನ ಕಚೇರಿ ತಂತ್ರಾಂಶದಲ್ಲಿ ಮೈಕ್ರೋಸಾಫ್ಟ್ ಆಫೀಸ್ ಥರವೇ ಕಾಣುವ ಒಂದು ನೋಟ ಇಟ್ಟಿತ್ತು. ಮೇಲಿನ ಗುಂಡಿಪಟ್ಟಿಯ ವಿನ್ಯಾಸಕ್ಕೆ ಮೈಕ್ರೋಸಾಫ್ಟ್ ಪೇಟೆಂಟ್ ಪಡೆದಿತ್ತು. 2015ರಲ್ಲಿ ದಾವೆ ಬಿತ್ತು, ಕೋರೆಲ್ ಪರಿಹಾರ ತೆರಬೇಕಾಯಿತು. ಕ್ರಮ ಎಲ್ಲರದು. ಆದರೆ ನೋಂದಾಯಿಸಿದ ಅಲಂಕಾರ, ಬರೆದ ಕೋಡ್, ಗಳಿಸಿದ ಹೆಸರು ಆಯಾ ಜನರದು. ಈ ಗೆರೆ ಸರಿಯಾದದ್ದೇ ಎಂದು ನನ್ನ ನಂಬಿಕೆ. ಶಿರಾಡಿ ಘಾಟಿ ಇಳಿಯುವ ಯಾವ ಕಂಪನಿಯ ಲಾರಿಯಲ್ಲೂ ಕ್ಲಚ್ಚು ಎಡಕ್ಕೇ ಇರುತ್ತದೆ. ಅದು ಒಂದೇ ಕಂಪನಿಯ ಸ್ವತ್ತಾಗಿದ್ದರೆ ಲಾರಿ ಬದಲಾಯಿಸಿದ ದಿನ ಡ್ರೈವರ್ ಪ್ರಪಾತದಲ್ಲಿರುತ್ತಿದ್ದ.

ಕೀಲಿಮಣೆಯ ಪಟ್ಟಿಯಲ್ಲಿ ಕಂಡ ಹೆಸರು

ಮಿಂಟ್‌ನಲ್ಲಿ ಕನ್ನಡ ಟೈಪ್ ಮಾಡುವುದು ಹೇಗೆಂದು ಅಂಗಡಿಯ ಹುಡುಗಿ ತೋರಿಸಿದಳು. ಕೀಲಿಮಣೆಯ ಸೆಟ್ಟಿಂಗ್ ತೆರೆದು, ಭಾರತದ ಭಾಷೆಗಳ ಪಟ್ಟಿಗೆ ಇಳಿದು, ಕನ್ನಡದ ಮುಂದೆ ನಿಂತಳು. ಅಲ್ಲಿ ಕನ್ನಡ ಎಂದು ಒಂದು, ಅದರ ಜೊತೆಗೇ ಕನ್ನಡ–ಕಗಪ ಎಂದು ಇನ್ನೊಂದು. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಅದೇ ಪಟ್ಟಿಯಲ್ಲಿ ಹಿಂದಿ–ಕಗಪ, ಸಂಸ್ಕೃತ–ಕಗಪ, ಮರಾಠಿ–ಕಗಪ, ತೆಲುಗು–ಕಗಪ ಕೂಡ ಕೂತಿವೆ!

ಈ ಜೋಡಣೆಯ ಮೂಲ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಎಲ್ಲರಿಗೂ ಗೊತ್ತಿರುವ ಕೆ.ಪಿ. ರಾವ್, ರೂಪಿಸಿದ ಕೀಲಿಮಣೆ. ಅದರ ಜಾಣ್ಮೆ ಸರಳ: ವ್ಯಂಜನದ ಕೀಲಿ, ಆಮೇಲೆ ಸ್ವರದ ಕೀಲಿ. ಸಕಲೇಶಪುರ ಎಂದು ಬರೆಯಲು ಎಸ್, ಕೆ, ಎಲ್, ಶಿಫ್ಟ್ ಜೊತೆ ಇ, ಶಿಫ್ಟ್ ಜೊತೆ ಎಸ್, ಪಿ, ಯು, ಆರ್. ಒತ್ತಕ್ಷರ ಬೇಕಾದರೆ ನಡುವೆ ಎಫ್. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಲ್ಲೇ ಇಡೀ ಕನ್ನಡ ವರ್ಣಮಾಲೆ ಕೂತುಬಿಟ್ಟಿದೆ. ನುಡಿ ತಂತ್ರಾಂಶ ಇದನ್ನೇ ಹಿಡಿಯಿತು, ಬರಹ ತಂತ್ರಾಂಶದಲ್ಲೂ ಇದಕ್ಕೆ ಜಾಗ ಸಿಕ್ಕಿತು, ಸರ್ಕಾರ ಇದನ್ನೇ ಪ್ರಮಾಣಿತ ಕೀಲಿಮಣೆಯಾಗಿ ಒಪ್ಪಿತು. ತಾಲ್ಲೂಕು ಕಚೇರಿಯ ಗುಮಾಸ್ತರಿಂದ ಪತ್ರಿಕಾ ಕಚೇರಿಯವರೆಗೆ ಕೈಗಳು ಇದಕ್ಕೇ ಪಳಗಿವೆ.

ಬೌಡಿನ್ ಭಯಪಟ್ಟದ್ದು ಕನ್ನಡಕ್ಕೆ ಆಗಲಿಲ್ಲ. ಈ ಜೋಡಣೆಗೆ ಯಾವ ಕಂಪನಿಯೂ ಬೀಗ ಹಾಕಲಿಲ್ಲ. ಹಾಗಾಗಿಯೇ ಅದು ನುಡಿಯಿಂದ ಲಿನಕ್ಸ್‌ಗೆ, ಕನ್ನಡದಿಂದ ತೆಲುಗಿಗೆ, ಮರಾಠಿಗೆ ಹರಡಿತು. ಜಗತ್ತಿನ ಯಾವ ಮೂಲೆಯಲ್ಲಿ ಲಿನಕ್ಸ್ ಹಾಕಿದರೂ ಆ ಪಟ್ಟಿಯಲ್ಲಿ ಕಗಪ ಇರುತ್ತದೆ. ಇದನ್ನು ಕಂಡ ಹೊತ್ತು ಮನಸ್ಸಿಗೆ ನಿಜವಾಗಿ ಹೆಮ್ಮೆಯಾಯಿತು.

ಹಾಸನ, ಮೂಡಿಗೆರೆ

ಇಲ್ಲಿಂದ ಕಾಫಿ ತೋಟಗಳ ನಡುವೆ ಹಾದು ಹೋದರೆ ಮೂಡಿಗೆರೆ. ಪೂರ್ಣಚಂದ್ರ ತೇಜಸ್ವಿ ಅಲ್ಲಿ ಕೂತು ಕನ್ನಡದ ತಂತ್ರಾಂಶದ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಅದನ್ನು ಕಟ್ಟಿದವರು ಹಾಸನದ ಮಾರುತಿ ತಂತ್ರಾಂಶ ಅಭಿವರ್ಧಕರು. ನಮ್ಮ ಜಿಲ್ಲೆಯಲ್ಲೇ ಕನ್ನಡಕ್ಕೊಂದು ತಂತ್ರಾಂಶ ಹುಟ್ಟಿತ್ತು ಎಂಬುದು ಇಲ್ಲಿನ ಹೊಸ ತಲೆಮಾರಿಗೆ ತಿಳಿಯಬೇಕಾದ ಸಂಗತಿ.

ಅದೇ ಕಾಲಘಟ್ಟದಲ್ಲಿ ನಕಲಿನ ಜಗಳ ಕನ್ನಡದಲ್ಲೂ ಎದ್ದಿತು. ಶೇಷಾದ್ರಿ ವಾಸು ರೂಪಿಸಿದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವೆರಡರ ನಡುವೆ ಯಾರ ಕೆಲಸ ಯಾರದರಲ್ಲಿ ಸೇರಿದೆ ಎಂಬ ವಿವಾದ ಬಹಿರಂಗವಾಗಿಯೇ ನಡೆಯಿತು. ಅದರ ನ್ಯಾಯ ತೀರ್ಮಾನ ನನ್ನ ಕೆಲಸವಲ್ಲ. ನನಗೆ ಕಾಣುವುದು ಇಷ್ಟು: ಕೀಲಿಯ ಜೋಡಣೆಯನ್ನು ಇಬ್ಬರೂ ಬಳಸಿದರೆ ಅದು ಎಲ್ಲರಿಗೂ ಲಾಭ. ಒಬ್ಬರು ಕೂತು ತಿದ್ದಿ ತೀಡಿದ ಅಕ್ಷರರೂಪ ಅವರ ದುಡಿಮೆ, ಅದಕ್ಕೆ ಒಪ್ಪಿಗೆ ಬೇಕು, ಹೆಸರು ಹೇಳಬೇಕು. ಇವೆರಡನ್ನೂ ನಕಲು ಎಂದು ಒಂದೇ ತಕ್ಕಡಿಯಲ್ಲಿ ತೂಗಬಾರದು. ಇಂದು ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರರೂಪಗಳು ಮುಕ್ತ ಪರವಾನಗಿಯಲ್ಲಿ ಲಿನಕ್ಸ್‌ನ ಉಗ್ರಾಣದಲ್ಲೇ ಸಿಗುತ್ತವೆ. ಮಾಡಿದವರೇ ಒಪ್ಪಿ ಕೊಟ್ಟಿರುವುದರಿಂದ ಅಲ್ಲಿ ಜಗಳಕ್ಕೆ ಆಸ್ಪದವೇ ಇಲ್ಲ.

ಆಲೂರಿನಲ್ಲಿ ತೆರೆಯದ ಕಡತ

ಆಲೂರಿನ ಡಿಟಿಪಿ ಅಂಗಡಿಯೊಂದರಲ್ಲಿ ನೋಡಿದ್ದು. ಹತ್ತು ವರ್ಷದ ಹಿಂದಿನ ಕರಾರುಪತ್ರದ ಮಾದರಿಯನ್ನು ಹೊಸದಾಗಿ ಹಾಕಿದ ಲಿನಕ್ಸ್‌ನಲ್ಲಿ ತೆರೆದರು. ಕನ್ನಡ ಎಂಬ ಪದ ಇರಬೇಕಾದ ಕಡೆ ಒಂದು ರೋಮನ್ ಅಕ್ಷರ, ತಲೆಯ ಮೇಲೆ ಗೀಟು ಹೊತ್ತ ಇನ್ನೊಂದು, ನಡುವೆ ಬ್ರಿಟನ್ನಿನ ಪೌಂಡ್ ನಾಣ್ಯದ ಗುರುತು.

"ಲಿನಕ್ಸ್‌ನಲ್ಲಿ ಕನ್ನಡ ಬರಲ್ಲ ಕಣಣ್ಣ" ಎಂದರು ಪಕ್ಕದಲ್ಲಿದ್ದವರು.

ಕನ್ನಡ ಬರುತ್ತದೆ. ಆ ಕಡತದಲ್ಲಿ ಕನ್ನಡ ಇರಲಿಲ್ಲ. ಅದನ್ನು ನುಡಿಯ ಹಳೆಯ ಅಕ್ಷರರೂಪದಲ್ಲಿ ಟೈಪ್ ಮಾಡಿದ್ದರು. ಒಳಗೆ ಉಳಿದಿದ್ದದ್ದು ರೋಮನ್ ಸಂಕೇತಗಳು. ಅವುಗಳ ಮೇಲೆ ಕನ್ನಡದ ಚಿತ್ರ ಹೊದಿಸುವ ಅಕ್ಷರರೂಪ ಆ ಯಂತ್ರದಲ್ಲಿ ಇರಲಿಲ್ಲ, ಅಷ್ಟೇ. ಆ ಅಕ್ಷರರೂಪ ಹಾಕಿದ ಕೂಡಲೇ ಪತ್ರ ಸರಿಯಾಗಿ ಕಂಡಿತು. ಆದರೆ ಅದರಲ್ಲಿ ಒಂದು ಹೆಸರು ಹುಡುಕಿದರೆ ಸಿಗುವುದಿಲ್ಲ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್‌ಗೆ ಪರಿವರ್ತಿಸಿದರೆ ಮಾತ್ರ ಅದು ನಿಜವಾದ ಕನ್ನಡ ಕಡತವಾಗುತ್ತದೆ. ರಾಜ್ಯ ಸರ್ಕಾರ 2012ರಲ್ಲೇ ಯೂನಿಕೋಡ್ ಬಳಕೆಗೆ ಆದೇಶಿಸಿದೆ. ಹಳೆಯ ಕಡತಗಳ ರಾಶಿ ಮಾತ್ರ ಅಂಗಡಿಗಳಲ್ಲಿ, ಸಂಘಗಳಲ್ಲಿ, ಶಾಲೆಗಳಲ್ಲಿ ಹಾಗೇ ಬಿದ್ದಿದೆ.

ಕೈ ಕಲಿತ ದಾರಿಯನ್ನು ಹೊಸ ತಂತ್ರಾಂಶ ಗೌರವಿಸಿತು, ಕೀಲಿಮಣೆಯೂ ಜೊತೆಗೆ ಬಂತು. ಜನರನ್ನು ಹಿಂದಕ್ಕೆ ಎಳೆಯುತ್ತಿರುವುದು ಈ ಕಡತಗಳು. ಯಾವ ನ್ಯಾಯಾಲಯವೂ ಈ ತೊಡಕನ್ನು ಬಿಡಿಸಿಕೊಡಲಾರದು.

ಘಾಟಿಯ ಕೆಳಗೆ, ಗಡಿಯ ಆಚೆ

ಶಿರಾಡಿ ಇಳಿದು ಮಂಗಳೂರು ದಾಟಿದರೆ ಕಾಸರಗೋಡು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸ್‌ನಲ್ಲಿ. ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ ಈಗ ಕೈಟ್ ಎನಿಸಿಕೊಂಡಿರುವ ಕೇರಳ ಸರ್ಕಾರದ ಸಂಸ್ಥೆ ಉಬುಂಟುವನ್ನು ಶಾಲೆಗಳಿಗೆ ಹೊಂದುವಂತೆ ಮಾಡಿಕೊಟ್ಟಿದೆ. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಹತ್ತನೇ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ಲಿನಕ್ಸ್‌ನಲ್ಲೇ. ಪರವಾನಗಿಯ ದುಡ್ಡಿನಲ್ಲಿ 3,000 ಕೋಟಿ ರೂಪಾಯಿ ಉಳಿತಾಯವಾಗಿದೆ ಎಂದು ಕೈಟ್ 2019ರಲ್ಲಿ ಹೇಳಿತ್ತು.

ಆ ಮಕ್ಕಳಿಗೆ ವಿಂಡೋಸ್ ಕಂಡರೆ ಅದು ಲಿನಕ್ಸ್‌ನ ಹಾಗಿದೆ ಅನ್ನಿಸಬಹುದು. ಯಾವುದು ಮೂಲ, ಯಾವುದು ಹೋಲಿಕೆ ಎಂಬುದು ಯಾವುದನ್ನು ಮೊದಲು ಕಲಿತೆವು ಎಂಬುದರ ಮೇಲೆ ನಿಂತ ಮಾತು.

ಕೊನೆಗೆ ಬರೆದುಕೊಂಡದ್ದು

ಮೊದಲ ಪ್ರಶ್ನೆಗೆ ನನ್ನ ಉತ್ತರ ಈಗ ಖಚಿತ. ಕೈಗೆ ಕಲಿತ ಕ್ರಮ ಕಲಿತವರದು. ಅದನ್ನು ಕಲಿಯಲು ದಿನ ಕಳೆದವರು ತೋಟದ ರೈಟರು, ಅಂಗಡಿಯ ಹುಡುಗಿ, ತಾಲ್ಲೂಕು ಕಚೇರಿಯ ಗುಮಾಸ್ತರು. ಹೊಸ ತಂತ್ರಾಂಶ ಆ ಕ್ರಮವನ್ನು ಉಳಿಸಿಕೊಂಡರೆ ಅದು ಅವರ ಶ್ರಮಕ್ಕೆ ಕೊಟ್ಟ ಮರ್ಯಾದೆ. ಬೇರೆಯವರ ಕೋಡ್, ಹೆಸರು, ಅಕ್ಷರರೂಪ ತೆಗೆದುಕೊಂಡರೆ ಅದು ಇನ್ನೊಬ್ಬರ ಶ್ರಮಕ್ಕೆ ಮಾಡಿದ ಅಗೌರವ. ಎರಡರಲ್ಲೂ ಅಳತೆಗೋಲು ಒಂದೇ: ದುಡಿದವರು ಯಾರು?

ಇದನ್ನು ಒಪ್ಪಿದರೆ ಮಾಡಬೇಕಾದ ಕೆಲಸ ಇಲ್ಲೇ ಇದೆ. ವಿಂಡೋಸ್ 11ಕ್ಕೆ ಒಗ್ಗದ ಶಾಲೆಯ, ಗ್ರಂಥಾಲಯದ, ಸಹಕಾರ ಸಂಘದ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ಲಿನಕ್ಸ್ ಹಾಕಿ ನೋಡಬೇಕು. ಪೆನ್‌ಡ್ರೈವಿನಿಂದಲೇ ನಡೆಸಿ ಪರೀಕ್ಷಿಸಬಹುದು, ಒಳಗಿನ ಕಡತಕ್ಕೆ ಏನೂ ಆಗುವುದಿಲ್ಲ. ಅದಕ್ಕೂ ಮುಖ್ಯವಾಗಿ, ಹಳೆಯ ನುಡಿ, ಬರಹ ಕಡತಗಳನ್ನು ಈಗಲೇ ಯೂನಿಕೋಡ್‌ಗೆ ತಿರುಗಿಸಿಡಬೇಕು. ಗೊತ್ತಿರುವವರು ಊರಿನ ಅಂಗಡಿಯವರಿಗೆ ಅದನ್ನು ಹೇಳಿಕೊಡಬೇಕು. ಕರಾರು, ನಿರ್ಣಯ, ವಂಶವೃಕ್ಷ, ಜಮೀನಿನ ಲೆಕ್ಕ ಯಾವ ಯಂತ್ರದಲ್ಲಿ ತೆರೆದರೂ ಕನ್ನಡವಾಗಿಯೇ ಕಾಣಬೇಕು, ಹುಡುಕಿದರೆ ಸಿಗಬೇಕು. ಅಷ್ಟಾದರೆ ಮುಂದೆ ಯಾವ ಕಂಪನಿ ಯಾವ ದಿನ ಬೆಂಬಲ ನಿಲ್ಲಿಸಿದರೂ ಈ ಸೀಮೆಯ ಲೆಕ್ಕಪತ್ರ ನಿಲ್ಲುವುದಿಲ್ಲ.